ಸವಳು ಗದ್ದೆಗೆ ಪಾಲಿಅಮೀನ್ ಬಾಟಲಿ: ಹೊಡೆಯಲಾ, ಬಿಡಲಾ?

ಎರೆಹೊಲ
ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ನೀರು. ಐದು ಎಕರೆ ಎರೆ ಭೂಮಿ, ಭತ್ತ ಬೆಳೆಯುತ್ತೇವೆ. ಅದರಲ್ಲಿ ತಗ್ಗಿನ ಎರಡು ಎಕರೆ ಸವಳು ಹಿಡಿದಿದೆ. ಬೇಸಿಗೆಯಲ್ಲಿ ನೋಡಿದರೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಾಣುತ್ತದೆ. ಅಪ್ಪನ ಕಾಲದಲ್ಲಿ ಎಕರೆಗೆ 35 ಚೀಲ ಕೊಟ್ಟ ಜಾಗ, ಈಗ 20 ದಾಟಿದರೆ ಪುಣ್ಯ. ನಾಟಿ ಮಾಡಿ ಹದಿನೈದು ದಿನಕ್ಕೆ ಎಲೆ ತುದಿ ಸುಟ್ಟ ಹಾಗಾಗುತ್ತದೆ. ತೆನೆಯಲ್ಲಿ ಜೊಳ್ಳು ಜಾಸ್ತಿ.

ಮೊನ್ನೆ ಒಂದು ಅಂಗಡಿಯಲ್ಲಿ ಕಾಲು ಲೀಟರಿನ ಬಾಟಲಿ ತೋರಿಸಿದರು. "ಪಾಲಿಅಮೀನ್ ಇದೆ, ಉಪ್ಪು ತಡೆಯುವ ಶಕ್ತಿ ಕೊಡುತ್ತದೆ, ಎಕರೆಗೆ ಒಂದು ಸಾಕು" ಅಂದರು. ಈ ಪಾಲಿಅಮೀನ್ ಅಂದರೆ ಏನು? ನಿಜವಾಗಿ ಕೆಲಸ ಮಾಡುತ್ತಾ? ಯಾರಾದರೂ ಹೊಡೆದು ನೋಡಿದ್ದೀರಾ?

ಲೆಕ್ಕಪಕ್ಕಾ
ಉಪ್ಪು ಇರೋದು ಮಣ್ಣಲ್ಲಿ, ಔಷಧ ಹೊಡೆಯೋದು ಎಲೆಗೆ. ನನಗಂತೂ ಅಲ್ಲೇ ಅನುಮಾನ ಶುರು.

ಗೊಬ್ಬರದಂಗಡಿ
ನಾನೂ ಇಂಥ ಒಂದೆರಡು ಮಾಲು ಇಟ್ಟಿದ್ದೇನೆ, ಮುಚ್ಚುಮರೆ ಇಲ್ಲ. ಕೆಲವರು ಹಸಿರು ಬಂತು ಅಂತಾರೆ, ಕೆಲವರು ಬಂದು ಬೈತಾರೆ. ಹಸಿರು ಬಂದದ್ದು ಅದರಲ್ಲಿರುವ ಅಮೈನೋ ಆಮ್ಲದಿಂದಲೋ, ಜೊತೆಗೆ ಬೆರೆಸಿ ಹೊಡೆದ ಯೂರಿಯಾದಿಂದಲೋ, ದೇವರಿಗೇ ಗೊತ್ತು.

ಬೇರುಬಿಳಲು
ನಾನು ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ, ಉಪ್ಪು ಮತ್ತು ಭತ್ತವೇ ನನ್ನ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪಾಲಿಅಮೀನ್ ಹೊಸದಾಗಿ ಕಂಡುಹಿಡಿದ ಔಷಧ ಅಲ್ಲ. ಪ್ರತಿ ಗಿಡದ ಪ್ರತಿ ಕೋಶದಲ್ಲೂ ಮೊದಲೇ ಇದೆ. ನಿಮ್ಮಲ್ಲಿ, ನನ್ನಲ್ಲೂ ಇದೆ. ಮುಖ್ಯವಾದವು ಮೂರು. ಪುಟ್ರೆಸಿನ್, ಸ್ಪರ್ಮಿಡಿನ್, ಸ್ಪರ್ಮೀನ್. ಮೂರೂ ಒಂದೇ ಮನೆಯ ಮಕ್ಕಳು. ಇಂಗಾಲದ ಸಣ್ಣ ಸರಪಳಿ, ಅದರಲ್ಲಿ ಅಲ್ಲಲ್ಲಿ ಸಾರಜನಕದ ಗಂಟು. ಪುಟ್ರೆಸಿನ್‌ನಲ್ಲಿ ಎರಡು ಗಂಟು, ಸ್ಪರ್ಮಿಡಿನ್‌ನಲ್ಲಿ ಮೂರು, ಸ್ಪರ್ಮೀನ್‌ನಲ್ಲಿ ನಾಲ್ಕು. ಕೋಶದೊಳಗೆ ಪ್ರತಿ ಗಂಟಿಗೂ ಒಂದೊಂದು ಪ್ಲಸ್ ಚಾರ್ಜ್ ಅಂಟಿಕೊಳ್ಳುತ್ತದೆ. ಇವುಗಳ ಕೆಲಸದ ಗುಟ್ಟು ಬಹುಪಾಲು ಈ ಚಾರ್ಜಿನಲ್ಲೇ ಇದೆ.

ಗಿಡ ಇದನ್ನು ಅರ್ಜಿನಿನ್ ಅನ್ನುವ ಅಮೈನೋ ಆಮ್ಲದಿಂದ ಮಾಡಿಕೊಳ್ಳುತ್ತದೆ. ಎಡಿಸಿ ಅನ್ನುವ ಕಿಣ್ವ ಮೊದಲ ಹೆಜ್ಜೆ ಇಡುತ್ತದೆ. ಮುಂದೆ ಪುಟ್ರೆಸಿನ್, ಅದಕ್ಕೆ ಒಂದು ತುಂಡು ಸೇರಿದರೆ ಸ್ಪರ್ಮಿಡಿನ್, ಇನ್ನೊಂದು ಸೇರಿದರೆ ಸ್ಪರ್ಮೀನ್. ಬಹಳ ಗಿಡಗಳಿಗೆ ಆರ್ನಿಥಿನ್ ಅನ್ನುವ ಬೇರೆ ಅಮೈನೋ ಆಮ್ಲದಿಂದ ಬರುವ ಇನ್ನೊಂದು ದಾರಿಯೂ ಉಂಟು.

ಈಗ ಉಪ್ಪಿನ ವಿಷಯ. ಉಪ್ಪು ಗಿಡಕ್ಕೆ ಎರಡು ಸಲ ಹೊಡೆಯುತ್ತದೆ. ಮೊದಲನೆಯದು ನೀರಿನ ಹೊಡೆತ. ಗದ್ದೆಯಲ್ಲಿ ನೀರು ನಿಂತಿದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ, ಬರಗಾಲದ ಹಾಗೆಯೇ. ಎರಡನೆಯದು ನಿಧಾನ. ಸೋಡಿಯಂ ಒಳಗೆ ನುಗ್ಗಿ ಎಲೆಯಲ್ಲಿ ಕೂಡಿಕೊಳ್ಳುತ್ತದೆ. ಹಳೆ ಎಲೆಯ ತುದಿ ಸುಡುವುದು ಇದರಿಂದ. ಅಷ್ಟೇ ಅಲ್ಲ, ಸೋಡಿಯಂ ಒಳಗೆ ಬಂದ ಕೂಡಲೇ ಕೋಶದ ಪೊರೆಯ ವಿದ್ಯುತ್ ಒತ್ತಡ ಕುಸಿದು, ಪೊಟ್ಯಾಸಿಯಂ ಹೊರಗೆ ಸೋರಿಹೋಗುತ್ತದೆ. ಹತ್ತಾರು ಕಿಣ್ವಗಳು ಕೆಲಸ ಮಾಡಲು ಪೊಟ್ಯಾಸಿಯಂ ಬೇಕು. ಕಳ್ಳ ಒಳಗೆ ಬಂದ ಗಲಾಟೆಯಲ್ಲಿ ಮನೆಯವರೇ ಹೊರಗೆ ಓಡಿಹೋದ ಹಾಗೆ. ಉಪ್ಪು ತಡೆಯುವ ಗಿಡ, ತಡೆಯದ ಗಿಡ ಅಂತ ಬೇರ್ಪಡಿಸುವಾಗ ಸೋಡಿಯಂ ಎಷ್ಟು ಒಳಗೆ ಬಂತು ಅನ್ನುವಷ್ಟೇ ಮುಖ್ಯ, ಪೊಟ್ಯಾಸಿಯಂ ಎಷ್ಟು ಉಳಿಯಿತು ಅನ್ನುವುದು.

ಪಾಲಿಅಮೀನ್ ಇಲ್ಲಿ ಏನು ಮಾಡುತ್ತದೆ? ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ, ಅಯಾನ್ ಚಾನಲ್ ಅಂತ ಕರೆಯುತ್ತೇವೆ. ಪ್ಲಸ್ ಚಾರ್ಜಿನ ಈ ಉದ್ದನೆಯ ಅಣುಗಳು ಕೆಲವು ಬಾಗಿಲುಗಳಿಗೆ ಬೂಚಿನ ಹಾಗೆ ಸಿಕ್ಕಿಕೊಳ್ಳುತ್ತವೆ. ಬಾರ್ಲಿ ಬೇರಿನಲ್ಲಿ ಹೀಗೆ ಸೋಡಿಯಂ ಒಳಹರಿವು ಕಡಿಮೆಯಾದದ್ದನ್ನು ಅಳೆದು ನೋಡಿದ್ದಾರೆ. ಕೋಶದೊಳಗೆ ರಸದಾನಿ ಅಂತ ರಸ ತುಂಬಿದ ಚೀಲ ಇರುತ್ತದಲ್ಲ, ಗಿಡ ಸೋಡಿಯಂ ಅನ್ನು ಅಲ್ಲಿಗೆ ತಳ್ಳಿ ಕೂಡಿಹಾಕುತ್ತದೆ. ಅಲ್ಲಿಂದ ಮತ್ತೆ ಈಚೆ ಸೋರುವ ಬಾಗಿಲನ್ನೂ ಸ್ಪರ್ಮೀನ್ ಮುಚ್ಚುತ್ತದೆ. ಮೂರರಲ್ಲಿ ಸ್ಪರ್ಮೀನ್ ಬಿಗಿಯಾದ ಬೂಚು, ಪುಟ್ರೆಸಿನ್ ಸಡಿಲ ಬೂಚು. ಇದಲ್ಲದೆ ಮೈನಸ್ ಚಾರ್ಜಿನ ಡಿಎನ್ಎ, ಆರ್ಎನ್ಎ, ಪೊರೆ ಇವುಗಳಿಗೆ ಅಂಟಿಕೊಂಡು ಹಾಳಾಗದಂತೆ ಹಿಡಿದಿಡುತ್ತವೆ.

ಬಾಟಲಿಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದು ಬೇರೆಯೇ ಕಥೆ.

ನಿವೃತ್ತ ಮೇಷ್ಟ್ರು
ಮೂವತ್ತು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವನು, ಸುಮ್ನೆ ಇರಲಾಗುತ್ತಿಲ್ಲ. ಈ ಹೆಸರುಗಳೇ ಒಂದು ತಮಾಷೆ. ಪುಟ್ರೆಸಿನ್ ಅಂದರೆ ಕೊಳೆತದ್ದು ಅನ್ನುವ ಲ್ಯಾಟಿನ್ ಮಾತಿನಿಂದ ಬಂದದ್ದು. 1885ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ಬ್ರೀಗರ್ ಕೊಳೆತ ಮಾಂಸದಲ್ಲಿ ಇದನ್ನು ಕಂಡ. ವಾಸನೆ ಹೆಸರಿಗೆ ತಕ್ಕ ಹಾಗೆಯೇ ಇರುತ್ತದೆ. ಸ್ಪರ್ಮೀನ್ ಇನ್ನೂ ಹಳೆಯದು. ಸೂಕ್ಷ್ಮದರ್ಶಕದ ಲೇವನ್‌ಹುಕ್ 1678ರಲ್ಲೇ ವೀರ್ಯ ಒಣಗಿದಾಗ ಮೂಡುವ ಹರಳುಗಳನ್ನು ನೋಡಿ ಬರೆದಿದ್ದ. ಆ ಹರಳು ಸ್ಪರ್ಮೀನ್ ಫಾಸ್ಫೇಟ್. ತರಗತಿಯಲ್ಲಿ ಈ ಭಾಗ ಬಂದಾಗ ಹುಡುಗರ ಮುಖ ನೋಡಬೇಕಿತ್ತು.

ಗಿಡಕ್ಕೂ ಇದಕ್ಕೂ ನಂಟು ಹೇಗೆ ಬಂತು ಗೊತ್ತಾ? 1952ರಲ್ಲಿ ರಿಚರ್ಡ್ಸ್ ಮತ್ತು ಕೋಲ್ಮನ್ ಅನ್ನುವ ಇಬ್ಬರು ಇಂಗ್ಲೆಂಡಿನಲ್ಲಿ ಬಾರ್ಲಿ ಬೆಳೆಸಿ, ಬೇಕಂತಲೇ ಪೊಟ್ಯಾಸಿಯಂ ಕೊಡದೆ ಬಿಟ್ಟರು. ಎಲೆಯಲ್ಲಿ ಪುಟ್ರೆಸಿನ್ ರಾಶಿ ಬಿದ್ದಿತ್ತು. ಅಂದರೆ ಕಥೆ ಶುರುವಾದದ್ದೇ ಪೊಟ್ಯಾಸಿಯಂ ಕೊರತೆಯಿಂದ. ಮೇಡಂ ಹೇಳಿದ ಸೋರಿಕೆಗೂ ಇದಕ್ಕೂ ಕೊಂಡಿ ಇದೆ ಅಲ್ವಾ?

ಬೇರುಬಿಳಲು
ಇದೆ ಮೇಷ್ಟ್ರೇ. ಪೊಟ್ಯಾಸಿಯಂ ಇಲ್ಲದಾಗ ಪ್ಲಸ್ ಚಾರ್ಜಿನ ಲೆಕ್ಕ ಸರಿದೂಗಿಸಲು ಗಿಡ ಪುಟ್ರೆಸಿನ್ ತುಂಬಿಕೊಳ್ಳುತ್ತದೆ ಅನ್ನುವುದು ಆಗಿನಿಂದ ಬಂದ ವಿವರಣೆ. ಬರಬೇಕಾದ ಆಳು ಬಾರದಿದ್ದಾಗ ಸಿಕ್ಕಿದವನನ್ನು ಕಳಿಸಿದ ಹಾಗೆ.

ಎರೆಹೊಲ
ಮೇಡಂ, ಅರ್ಧ ಅರ್ಥವಾಯಿತು. ಪೊಟ್ಯಾಸಿಯಂ ಸೋರಿಹೋಗುವುದೇ ತೊಂದರೆ ಅಂದರೆ ಪೊಟ್ಯಾಷ್ ಎರಡು ಚೀಲ ಜಾಸ್ತಿ ಹಾಕಿದರೆ ಮುಗೀತಲ್ವಾ?

ಬೇರುಬಿಳಲು
ಅಣ್ಣ, ಆ ಕೆಂಪು ಪೊಟ್ಯಾಷ್ ಸ್ವತಃ ಉಪ್ಪೇ. ಪೊಟ್ಯಾಸಿಯಂ ಕ್ಲೋರೈಡ್. ಅದರ ಕ್ಲೋರೈಡ್ ನಿಮ್ಮ ಗದ್ದೆಯಲ್ಲಿ ಆಗಲೇ ಸಾಕಷ್ಟಿದೆ. ಎರೆ ಮಣ್ಣಿನಲ್ಲಿ ಸಾಮಾನ್ಯವಾಗಿ ಪೊಟ್ಯಾಷ್‌ಗೆ ಬರ ಇರುವುದಿಲ್ಲ. ಮಣ್ಣು ಪರೀಕ್ಷೆಯಲ್ಲಿ ಕಡಿಮೆ ಬಂದರೆ ಮಾತ್ರ ಹಾಕಿ. ಇಲ್ಲಿ ತೊಂದರೆ ಹೊರಗಿನ ದಾಸ್ತಾನಿನದ್ದಲ್ಲ, ಒಳಗೆ ಇದ್ದದ್ದನ್ನು ಹಿಡಿದಿಟ್ಟುಕೊಳ್ಳುವುದರದ್ದು.

ಇನ್ನು ನಮ್ಮ ದೇಶದ್ದೇ ಒಂದು ಕೆಲಸ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. 1989ರಲ್ಲಿ ಕೃಷ್ಣಮೂರ್ತಿ ಮತ್ತು ಭಾಗವತ್ ಭತ್ತದ ಹಲವು ತಳಿಗಳಿಗೆ ಉಪ್ಪು ಕೊಟ್ಟು ಈ ಮೂರನ್ನೂ ಅಳೆದರು. ಕೋ 43ರಂಥ ಉಪ್ಪು ತಡೆಯುವ ತಳಿಯಲ್ಲಿ ಸ್ಪರ್ಮಿಡಿನ್, ಸ್ಪರ್ಮೀನ್ ಜಾಸ್ತಿ, ಪುಟ್ರೆಸಿನ್ ಹೆಚ್ಚೇನೂ ಬದಲಾಗಲಿಲ್ಲ. ಐಆರ್ 20ರಂಥ ತಡೆಯದ ತಳಿಯಲ್ಲಿ ತಿರುಗಮುರುಗ, ಪುಟ್ರೆಸಿನ್ ತುಂಬಿ ತುಳುಕುತ್ತಿದೆ, ಮೇಲಿನ ಎರಡು ಕುಸಿದಿವೆ. ಅಂದರೆ ಗಿಡದಲ್ಲಿ ಪಾಲಿಅಮೀನ್ ಒಟ್ಟು ಎಷ್ಟಿದೆ ಅನ್ನುವುದು ಪ್ರಶ್ನೆಯೇ ಅಲ್ಲ. ಪುಟ್ರೆಸಿನ್ ಅನ್ನು ಮುಂದಿನ ಮೆಟ್ಟಿಲಿಗೆ ಹತ್ತಿಸುವ ತಾಕತ್ತು ಇದೆಯಾ ಅನ್ನುವುದು ಪ್ರಶ್ನೆ. ಎಲ್ಲ ಬೆಳೆಯಲ್ಲೂ ಲೆಕ್ಕ ಹೀಗೇ ಬರುತ್ತದೆ ಅಂತಲ್ಲ, ಭತ್ತದಲ್ಲೇ ಬೇರೆ ಥರ ಬಂದದ್ದೂ ಉಂಟು. ಆದರೂ ಬಾಟಲಿ ಮೇಲೆ ಬರೀ "ಪಾಲಿಅಮೀನ್" ಅಂತ ಬರೆದಿದ್ದರೆ ನಾನು ಮೊದಲು ಕೇಳುವುದು, ಯಾವುದು ಸ್ವಾಮಿ?

ಲೆಕ್ಕಪಕ್ಕಾ
ಒಂದು ಕೊಕ್ಕೆ. ಜ್ವರ ಬಂದವರ ಮೈ ಬಿಸಿ ಇರುತ್ತದೆ, ಹಾಗಂತ ಬಿಸಿಯೇ ಜ್ವರ ವಾಸಿ ಮಾಡುತ್ತದೆ ಅನ್ನಲಾಗುತ್ತದಾ? ತಡೆಯುವ ತಳಿಯಲ್ಲಿ ಸ್ಪರ್ಮೀನ್ ಜಾಸ್ತಿ ಇತ್ತು, ಸರಿ. ಅದು ಕಾರಣವೋ, ಗಿಡ ಆರಾಮಾಗಿದೆ ಅನ್ನುವುದರ ಗುರುತೋ?

ಬೇರುಬಿಳಲು
ಒಳ್ಳೆ ಕೊಕ್ಕೆ. ಇದಕ್ಕೆ ಉತ್ತರ ಬೇಕಾದರೆ ಪಾಲಿಅಮೀನ್ ಮಾಡಿಕೊಳ್ಳಲು ಬಾರದ ಗಿಡ ಬೇಕು. ಅಂಥವಿವೆ. ಅರಾಬಿಡಾಪ್ಸಿಸ್ ಅಂತ ಸಾಸಿವೆ ಜಾತಿಯ ಪುಟ್ಟ ಗಿಡ, ಲ್ಯಾಬಿನ ಇಲಿ ಇದ್ದ ಹಾಗೆ. ಅದಕ್ಕೆ ಆರ್ನಿಥಿನ್ ದಾರಿಯೇ ಇಲ್ಲ, ಅರ್ಜಿನಿನ್ ದಾರಿ ಒಂದೇ. ಅದರ ಎಡಿಸಿ2 ಅನ್ನುವ ಜೀನ್ ಕೆಡಿಸಿದರೆ ಗಿಡ ಉಪ್ಪಿಗೆ ಬೇಗ ಸೋಲುತ್ತದೆ. 2006ರಲ್ಲಿ ಜಪಾನಿನ ಗುಂಪೊಂದು ಸ್ಪರ್ಮೀನ್ ಮಾಡಲಾಗದ ಗಿಡ ತೆಗೆದುಕೊಂಡು ಉಪ್ಪು ಕೊಟ್ಟಿತು. ಅದು ಮಾಮೂಲು ಗಿಡಕ್ಕಿಂತ ಬೇಗ ಬಾಡಿತು. ಹೊರಗಿನಿಂದ ಸ್ಪರ್ಮೀನ್ ಕೊಟ್ಟಾಗ ಚೇತರಿಸಿಕೊಂಡಿತು. ಪುಟ್ರೆಸಿನ್ ಕೊಟ್ಟರೂ ಆಗಲಿಲ್ಲ, ಸ್ಪರ್ಮಿಡಿನ್ ಕೊಟ್ಟರೂ ಆಗಲಿಲ್ಲ. ಆ ಗಿಡದಲ್ಲಿ ಕೆಡಿಸಿದ್ದ ಎರಡು ಜೀನ್‌ಗಳಲ್ಲಿ ಒಂದು ಸ್ಪರ್ಮೀನ್‌ದೇ ಅಲ್ಲ, ಅದರ ಜೋಡಿಯಂತಿರುವ ಥರ್ಮೋಸ್ಪರ್ಮೀನ್‌ದು ಅಂತ ಆಮೇಲೆ ತಿಳಿಯಿತು. ವಿಜ್ಞಾನದಲ್ಲಿ ಇಂಥದ್ದು ಇದ್ದದ್ದೇ. ಆದರೆ ಸ್ಪರ್ಮೀನ್ ಕೊಟ್ಟಾಗ ಗಿಡ ಎದ್ದು ನಿಂತದ್ದಂತೂ ನಿಜ.

ಇನ್ನೊಂದು ಕಡೆಯಿಂದಲೂ ನೋಡಿದ್ದಾರೆ. 2001ರಲ್ಲಿ ಓಟ್ಸ್ ಗಿಡದ ಎಡಿಸಿ ಜೀನನ್ನು ಭತ್ತಕ್ಕೆ ಸೇರಿಸಿದಾಗ ಉಪ್ಪಿನಲ್ಲಿ ಸಸಿಗಳು ಚೆನ್ನಾಗಿ ಬೆಳೆದವು. ಎಲ್ಲ ಗಾಜಿನ ಮನೆಯ ಒಳಗಿನ ಕೆಲಸ. ಗದ್ದೆಗೆ ಇಳಿದಿಲ್ಲ.

ಲೆಕ್ಕಪಕ್ಕಾ
ಸರಿ, ಜ್ವರದ ಮಾತು ವಾಪಸ್ ತಗೊಂಡೆ. ಬಾಟಲಿಯ ಮೇಲಿನ ಅನುಮಾನ ವಾಪಸ್ ಇಲ್ಲ.

ಗಜನಿಗದ್ದೆ
ಕುಮಟಾ ಕಡೆಯವನು ನಾನು. ನೀವೆಲ್ಲ ಬಾಟಲಿ ಬಾಟಲಿ ಅಂತಿದ್ದೀರಿ, ನಮ್ಮಲ್ಲಿ ಕಗ್ಗ ಅಂತ ಭತ್ತ ಇದೆ, ಕೇಳಿದ್ದೀರಾ? ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಬೆಳೆಯುತ್ತೇವೆ. ಸಮುದ್ರದ ಉಬ್ಬರ ಬಂದರೆ ಉಪ್ಪುನೀರು ನುಗ್ಗುವ ಜಾಗ. ಮಳೆಗಾಲದಲ್ಲಿ ಸಿಹಿನೀರು ಉಪ್ಪು ತೊಳೆದ ಮೇಲೆ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ಗೊಬ್ಬರವೂ ಇಲ್ಲ, ಔಷಧವೂ ಇಲ್ಲ. ಆಳೆತ್ತರ ಬೆಳೆಯುತ್ತದೆ, ಕೆಂಪಕ್ಕಿ. ಗಂಜಿ ಮಾಡಿದರೆ ಆಹಾ! ಈಗ ಬೆಳೆಯುವವರೇ ಕಡಿಮೆಯಾಗಿದ್ದಾರೆ, ಕಟ್ಟೆ ಒಡೆದರೆ ರಿಪೇರಿಗೆ ಎಲ್ಲರೂ ಒಟ್ಟಾಗಬೇಕು, ಅದೇ ಆಗುತ್ತಿಲ್ಲ.

ಮೇಡಂ, ಕಗ್ಗದಲ್ಲೂ ಈ ಸ್ಪರ್ಮೀನ್ ಕೆಲಸವೇ ನಡೆಯುತ್ತಾ?

ಬೇರುಬಿಳಲು
ನಿಮ್ಮ ಕಗ್ಗದ ಕೇರಳದ ನೆಂಟ ಪೊಕ್ಕಾಳಿ. ಅದನ್ನು ಚೆನ್ನಾಗಿ ಓದಿದ್ದಾರೆ. ಪೊಕ್ಕಾಳಿಯಿಂದಲೇ ಸಾಲ್ಟೋಲ್ ಅನ್ನುವ ಭಾಗ ಸಿಕ್ಕಿದ್ದು, ಭತ್ತದ ಒಂದನೇ ವರ್ಣತಂತುವಿನಲ್ಲಿದೆ. ಅದೇ ಜಾಗದಲ್ಲಿರುವ ಒಂದು ಜೀನ್ ಮಾಡುವ ಬಾಗಿಲು, ಬೇರಿನಿಂದ ಮೇಲೆ ಹೋಗುವ ರಸದಿಂದ ಸೋಡಿಯಂ ಅನ್ನು ಹಿಡಿದು ಹಿಂದಕ್ಕೆ ಎಳೆಯುತ್ತದೆ. ಎಲೆಗೆ ಉಪ್ಪು ಮುಟ್ಟುವುದೇ ಕಡಿಮೆ. ಜೊತೆಗೆ ಎತ್ತರದ ಗಿಡ, ಬೇಗ ಬೆಳೆಯುವುದರಿಂದ ಬಂದ ಉಪ್ಪು ದೊಡ್ಡ ಮೈಯಲ್ಲಿ ತೆಳುವಾಗಿ ಹರಡುತ್ತದೆ. ಪಾಲಿಅಮೀನ್ ಇವುಗಳ ನಡುವೆ ಒಬ್ಬ ಆಳು, ಯಜಮಾನ ಅಲ್ಲ. ಪ್ರೋಲಿನ್ ಅನ್ನುವ ಅಮೈನೋ ಆಮ್ಲದ ಥರದ ಬೇರೆ ಆಳುಗಳೂ ಇದ್ದಾರೆ. ಒಂದನ್ನೇ ಬಾಟಲಿಗೆ ತುಂಬಿ ಕಗ್ಗ ಮಾಡುತ್ತೇನೆ ಅಂದರೆ ಆಗುವುದಿಲ್ಲ.

ಇನ್ನೂ ಒಂದು ಮಾತು, ಇದನ್ನು ಮಾರುವವರು ಹೇಳುವುದೇ ಇಲ್ಲ. ಕೋಶದ ಗೋಡೆಯ ಹತ್ತಿರ ಪಾಲಿಅಮೀನ್ ಒಡೆಯುವ ಕಿಣ್ವಗಳಿವೆ. ಒಡೆದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಸ್ವಲ್ಪ ಇದ್ದರೆ ಅದು ಎಚ್ಚರಿಕೆಯ ಗಂಟೆ, ಗಿಡ ರಕ್ಷಣೆಗೆ ತಯಾರಾಗುತ್ತದೆ. ಜಾಸ್ತಿಯಾದರೆ ಅದೇ ಪೊರೆ ಕೆಡಿಸಿ ಪೊಟ್ಯಾಸಿಯಂ ಸೋರಿಸುತ್ತದೆ. ತಡೆಯಲು ಹೋದದ್ದನ್ನೇ ಮಾಡಿದ ಹಾಗಾಯಿತು. ಪ್ರಮಾಣ ಮೀರಿದರೆ ಬೇರು ಕುಂಠಿತವಾಗುತ್ತದೆ. "ಎರಡು ಮುಚ್ಚಳ ಜಾಸ್ತಿ ಹಾಕಿ" ಅನ್ನುವ ವಸ್ತು ಇದಲ್ಲ.

ಲೆಕ್ಕಪಕ್ಕಾ
ಲೆಕ್ಕ ಹಾಕಿದೆ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಎಷ್ಟು ಸಾಂದ್ರತೆ ಬಳಸುತ್ತಾರೆ ಅಂತ ಮೇಡಂ ಅವರನ್ನು ಖಾಸಗಿಯಾಗಿ ಕೇಳಿದೆ. ಅರ್ಧದಿಂದ ಒಂದು ಮಿಲಿಮೋಲಾರ್ ಅಂದರು. ಸ್ಪರ್ಮಿಡಿನ್‌ನ ಅಣುತೂಕ 145. ಒಂದು ಮಿಲಿಮೋಲಾರ್ ಅಂದರೆ ಲೀಟರಿಗೆ 145 ಮಿಲಿಗ್ರಾಂ. ಎಕರೆಗೆ 200 ಲೀಟರ್ ನೀರು ಹೊಡೆದರೆ 29 ಗ್ರಾಂ ಶುದ್ಧ ಸ್ಪರ್ಮಿಡಿನ್ ಬೇಕು, ಅದೂ ಒಂದೇ ಸಲಕ್ಕೆ. ಪುಟ್ರೆಸಿನ್ ಆದರೆ ಅಣುತೂಕ 88, ಸುಮಾರು 18 ಗ್ರಾಂ. ಸ್ಪರ್ಮೀನ್ 202, ಸುಮಾರು 40 ಗ್ರಾಂ.

ಲ್ಯಾಬಿಗೆ ಬರುವ ಸ್ಪರ್ಮಿಡಿನ್, ಸ್ಪರ್ಮೀನ್ ಮಾರುವುದು ಗ್ರಾಂ ಲೆಕ್ಕದಲ್ಲಿ, ಕೇಸರಿ ಮಾರಿದ ಹಾಗೆ. ಕೆಲವು ನೂರು ರೂಪಾಯಿಯ ಬಾಟಲಿಯಲ್ಲಿ 29 ಗ್ರಾಂ ಇಟ್ಟಿದ್ದಾರೆ ಅಂದರೆ ಕಂಪನಿಯವರು ಧರ್ಮಾತ್ಮರು.

ಗೊಬ್ಬರದಂಗಡಿ
ಧರ್ಮಾತ್ಮರು ನನ್ನ ಅಂಗಡಿಗೆ ಇನ್ನೂ ಬಂದಿಲ್ಲ.

ಈಗ ಕಪಾಟಿನಲ್ಲಿದ್ದ ಬಾಟಲಿ ತೆಗೆದು ಓದಿದೆ. "ಅಮೈನೋ ಆಮ್ಲ, ಕಡಲಪಾಚಿ ಸಾರ, ಪಾಲಿಅಮೀನ್ ಸಮೂಹ". ಅಮೈನೋ ಆಮ್ಲಕ್ಕೆ ಶೇಕಡಾವಾರು ಇದೆ, ಪಾಲಿಅಮೀನ್‌ಗೆ ಇಲ್ಲ. ಇಂಥ ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿದ್ದಾರೆ. ಕೊಳ್ಳುವವರು ಲೇಬಲ್ ಮೇಲೆ ಒಳಗೆ ಏನು ಎಷ್ಟಿದೆ ಅಂತ ನೋಡಿ, ಬಿಲ್ ಕೇಳಿ ತಗೊಳ್ಳಿ. ಬಿಲ್ ಕೊಡಲ್ಲ ಅಂದರೆ ಅಲ್ಲೇ ಇಟ್ಟು ಬನ್ನಿ.

ನಿವೃತ್ತ ಮೇಷ್ಟ್ರು
ಮುಚ್ಚಳ ತೆಗೆದು ಮೂಸಿ ನೋಡಿ. ಕೊಳೆತ ವಾಸನೆ ಬಂದರೆ...

ಗೊಬ್ಬರದಂಗಡಿ
ಮೇಷ್ಟ್ರೇ, ಅಮೈನೋ ಆಮ್ಲದ ಬಾಟಲಿಗಳು ಎಲ್ಲವೂ ಹಾಗೇ ನಾರುತ್ತವೆ. ಮೂಗಿನಿಂದ ಏನೂ ಗೊತ್ತಾಗಲ್ಲ.

ಎರೆಹೊಲ
ಹೊಡೆಯುವುದು ದುಬಾರಿ ಅಂದಿರಿ. ಬೀಜಕ್ಕೆ ನೆನೆಸಿದರೆ? ನಾವು ಹೇಗೂ ಬೀಜ ನೆನೆಹಾಕಿ ಮೊಳಕೆ ಕಟ್ಟಿಯೇ ಸಸಿ ಮಡಿಗೆ ಚೆಲ್ಲುವುದು.

ಬೇರುಬಿಳಲು
ಇಡೀ ಚರ್ಚೆಯಲ್ಲಿ ಇದು ಜಾಣ ಪ್ರಶ್ನೆ. ಬೀಜ ನೆನೆಸುವ ಪ್ರಯೋಗಗಳೇ ಹೆಚ್ಚು, ಫಲಿತಾಂಶವೂ ಅಲ್ಲೇ ಚೆನ್ನಾಗಿದೆ. ಮೊಳಕೆ ಒಂದೇ ಸಮ ಬರುತ್ತದೆ, ಸಸಿಯಲ್ಲಿ ಸೋಡಿಯಂ ಕಡಿಮೆ ಇರುತ್ತದೆ. ಎಕರೆಗೆ 25 ಕೆಜಿ ಬೀಜ, 30 ಲೀಟರ್ ನೀರು, ಅರ್ಧ ಮಿಲಿಮೋಲಾರ್ ಅಂದರೆ ಎರಡು ಗ್ರಾಂ ಚಿಲ್ಲರೆ ಸ್ಪರ್ಮಿಡಿನ್ ಸಾಕು. ಆದರೆ ಈ ಪ್ರಯೋಗಗಳಲ್ಲಿ ಬಹುಪಾಲು ತಟ್ಟೆ, ಕುಂಡಗಳಲ್ಲಿ ಆದದ್ದು, ಎರಡು ಮೂರು ವಾರಕ್ಕೆ ಅಳತೆ ಮುಗಿಯುತ್ತದೆ. ಭತ್ತ ಉಪ್ಪಿಗೆ ಸೂಕ್ಷ್ಮವಾಗುವುದು ಎರಡು ಹೊತ್ತಿನಲ್ಲಿ. ಎಳೆ ಸಸಿಯಲ್ಲಿ ಒಮ್ಮೆ, ಹೂ ಬಿಡುವಾಗ ಮತ್ತೊಮ್ಮೆ. ನಿಮ್ಮ ಜೊಳ್ಳು ಎರಡನೆಯದರಿಂದ ಬಂದದ್ದು. ಬೀಜಕ್ಕೆ ನೆನೆಸಿದ ಎರಡು ಗ್ರಾಂ ಮೂರು ತಿಂಗಳ ಮೇಲೆ ತೆನೆಯನ್ನು ಕಾಯುತ್ತದೆ ಅಂತ ನಾನು ಹೇಳಲಾರೆ.

ಅದರ ಬದಲು ದುಡ್ಡಿಲ್ಲದ ಕೆಲಸ ಒಂದಿದೆ. ಸಸಿಯನ್ನು 25 ದಿನಕ್ಕೆ ಕೀಳುವ ಬದಲು 30–35 ದಿನ ಬಿಟ್ಟು ನಾಟಿ ಮಾಡಿ. ಗುಣಿಗೆ ಎರಡರ ಬದಲು ನಾಲ್ಕು ಸಸಿ ಇಡಿ. ಎಳೆತನ ಸಸಿ ಮಡಿಯಲ್ಲೇ ಕಳೆದುಹೋಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದ್ದೀರಾ?

ಎರೆಹೊಲ
ಮಾಡಿಸಿದ್ದೆ, ಚೀಟಿ ಹುಡುಕಿ ಬಂದೆ. ಪಿಎಚ್ 8.0. ಇಸಿ, ಅಂದರೆ ಉಪ್ಪಿನ ಅಳತೆ, 2.1. ಇಸಿ 4 ದಾಟಿದರೆ ಮಾತ್ರ ಸವಳು ಅಂತ ಎಲ್ಲೋ ಓದಿದ್ದೆ. ಹಾಗಾದರೆ ನಮ್ಮದು ಸವಳೇ ಅಲ್ವಾ?

ಬೇರುಬಿಳಲು
ಅಣ್ಣ, ಚೀಟಿಯಲ್ಲಿ 1:2.5 ಅಂತ ಸಣ್ಣಕ್ಷರದಲ್ಲಿ ಇದೆಯಾ ನೋಡಿ.

ಎರೆಹೊಲ
ಇದೆ ಮೇಡಂ.

ಬೇರುಬಿಳಲು
ಹಾಗಾದರೆ ಅದು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದದ್ದು. ಸಾರಿಗೆ ನೀರು ಹೊಯ್ದು ಉಪ್ಪು ನೋಡಿದ ಹಾಗೆ. 4 ಅನ್ನುವ ಗಡಿ ಇರುವುದು ಮಣ್ಣನ್ನು ಕಣಕದ ಹಾಗೆ ಕಲಸಿ ತೆಗೆದ ರಸಕ್ಕೆ. ಎರೆ ಮಣ್ಣಿನಲ್ಲಿ ಎರಡಕ್ಕೂ ಸುಮಾರು ಮೂರು ಪಟ್ಟು ವ್ಯತ್ಯಾಸ ಬರಬಹುದು. ಅಂದರೆ ನಿಮ್ಮದು 6ರ ಆಸುಪಾಸು. ಭತ್ತ 3ರವರೆಗೆ ತಡೆಯುತ್ತದೆ, ಆಮೇಲೆ ಒಂದೊಂದು ಅಂಕಕ್ಕೂ ಸುಮಾರು ಶೇ. 12 ಇಳುವರಿ ಇಳಿಯುತ್ತದೆ. ಇದು 1977ರಿಂದ ಬಳಕೆಯಲ್ಲಿರುವ ಮಾಸ್ ಮತ್ತು ಹಾಫ್‌ಮನ್ ಲೆಕ್ಕ.

ಲೆಕ್ಕಪಕ್ಕಾ
ಮೂರು ಅಂಕ, ಶೇ. 36. ಮೂವತ್ತೈದು ಚೀಲದಲ್ಲಿ ಹನ್ನೆರಡೂವರೆ ಹೋದರೆ ಇಪ್ಪತ್ತೆರಡು ಚಿಲ್ಲರೆ. ಎರೆಹೊಲ ಅವರು ಹೇಳಿದ್ದು ಇಪ್ಪತ್ತು. ಅಬ್ಬಾ, ಹತ್ತಿರ ಬಂತಲ್ಲ!

ಎರೆಹೊಲ
ಜಿಪ್ಸಂ ಹಾಕು ಅಂತ ಎಲ್ಲರೂ ಹೇಳುತ್ತಾರೆ.

ಬೇರುಬಿಳಲು
ಜಿಪ್ಸಂ ಬೇಕಾಗುವುದು ಕ್ಷಾರ ಮಣ್ಣಿಗೆ. ಪಿಎಚ್ 8.5 ದಾಟಿ, ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿದ್ದಾಗ. ಅಂಟಿದ ಸೋಡಿಯಂ ಎಷ್ಟು ಅಂತ ಒಮ್ಮೆ ಬೇರೆಯಾಗಿ ಪರೀಕ್ಷೆ ಮಾಡಿಸಿ. ಚೀಟಿ ನೋಡಿದರೆ ನಿಮ್ಮದು ಕರಗುವ ಉಪ್ಪು. ಅದು ನೀರಿನ ಜೊತೆ ಬಂದದ್ದು, ನೀರಿನ ಜೊತೆಯೇ ಹೋಗಬೇಕು. ತಗ್ಗಿನ ಜಾಗದಿಂದ ನೀರು ಎಲ್ಲಿಗೆ ಹೋಗುತ್ತದೆ?

ಎರೆಹೊಲ
ಎಲ್ಲಿಗೂ ಹೋಗಲ್ಲ ಮೇಡಂ. ಮೊದಲು ಒಂದು ಬಸಿಗಾಲುವೆ ಇತ್ತು, ಹಳ್ಳಕ್ಕೆ ಸೇರುತ್ತಿತ್ತು. ಕೆಳಗಿನ ಹೊಲದವರು ಎಂಟು ವರ್ಷದ ಹಿಂದೆ ಮುಚ್ಚಿ ಅದರ ಮೇಲೂ ನಾಟಿ ಮಾಡಿಕೊಂಡರು. ಆವಾಗ ಒಂದು ಸಣ್ಣ ಜಗಳವೂ ಆಯಿತು. ಸವಳು ಕಾಣಿಸಿಕೊಂಡದ್ದು ಅದಾದ ಎರಡು ಮೂರು ವರ್ಷಕ್ಕೆ. ಈಗ ಬರೆಯುವಾಗ ಹೊಳೆಯುತ್ತಿದೆ ನೋಡಿ.

ಗಜನಿಗದ್ದೆ
ನಮ್ಮಲ್ಲಿ ಕಟ್ಟೆ, ನಿಮ್ಮಲ್ಲಿ ಬಸಿಗಾಲುವೆ. ಜಗಳ ಮಾತ್ರ ಒಂದೇ.

ಲೆಕ್ಕಪಕ್ಕಾ
ಕೆಳಗಿನ ಹೊಲದವರ ಬೆಳೆ ಹೇಗಿದೆ?

ಎರೆಹೊಲ
ಹೋದ ವರ್ಷದಿಂದ ಅವರದ್ದೂ ಅಂಚಿನಲ್ಲಿ ಬೆಳ್ಳಗಾಗುತ್ತಿದೆ. ಅವರೂ ಅದೇ ಅಂಗಡಿಯಿಂದ ಎರಡು ಬಾಟಲಿ ತಂದಿದ್ದಾರಂತೆ. ನಾನು ತಗೊಂಡಿಲ್ಲ, ಈ ಹಂಗಾಮಿಗೆ ಸಸಿ ಬಲಿಸಿ ನಾಲ್ಕು ನಾಲ್ಕು ಇಟ್ಟು ನೋಡುತ್ತೇನೆ. ಸಂಜೆ ಮಣ್ಣಿನ ಚೀಟಿ ಹಿಡಿದುಕೊಂಡು ಅವರ ಮನೆಗೆ ಹೋಗಬೇಕು ಅಂದುಕೊಂಡಿದ್ದೇನೆ. ಎಂಟು ವರ್ಷ ಮಾತು ಬಿಟ್ಟಿದ್ದೇವೆ, ಮೊದಲು ಏನು ಅನ್ನಲಿ ಅಂತ ಅದೇ ಗೊತ್ತಾಗುತ್ತಿಲ್ಲ.

ನಿವೃತ್ತ ಮೇಷ್ಟ್ರು
ಬಾಟಲಿ ಬಿಚ್ಚಿದ್ದೀರಾ ಅಂತ ಕೇಳಿ. ವಾಸನೆಯಿಂದ ಶುರು ಮಾಡಿ.